ಮನೆಯ ವಿದ್ಯುತ್ತಂತಿಯ ವಿಷಯವಾಗಿ ಗೃಹಿಣಿಯರಿಗೆ ಒಂದು ಪಾಠ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂದು ನಾವು ಕೆಲವು ದಿನ ಆಲೋಚಿಸುತ್ತಲೇ ಇದ್ದೆವು. ಕಡೆಗೆ ಎರಡು ಪ್ರಶ್ನೆಗಳು ತಾವಾಗಿಯೇ ನಮ್ಮ ಬಾಗಿಲಿಗೆ ಬಂದು ವಿಷಯವನ್ನು ನಿಶ್ಚಯಿಸಿಕೊಟ್ಟವು.

ಮೊದಲನೆಯ ಪ್ರಶ್ನೆಯು ಪತ್ರದ ಮೂಲಕ ಬಂದಿತು. ವಳಕಮದಿನ್ನಿಯಲ್ಲಿ ಹುಟ್ಟಿ, ನಮ್ಮ ಬೋರ್ಡಿಂಗಿನಲ್ಲಿ ಬೆಳೆದು, ಈಗ ಮಡಿಕೇರಿಯಲ್ಲಿ ಸಂಸಾರ ಹೂಡಿರುವ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆದಿದ್ದಳು: “ಅಕ್ಕನವರೇ, ಇಲ್ಲಿಯ ಚಳಿಗೆ ಬಿಸಿನೀರಿಲ್ಲದೆ ನಡೆಯುವುದಿಲ್ಲ. ಆದರೆ ಗೀಸರಿನ ನಲ್ಲಿಯನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ವೈರಿಂಗ್ ಮಾಡುವವನನ್ನು ಕರೆಸಿದರೆ, ಮಳೆಗಾಲದಲ್ಲಿ ಹೀಗಾಗುವುದು ಸಹಜ, ಭಯವಿಲ್ಲ ಎನ್ನುತ್ತಾನೆ. ಅವನ ಮಾತನ್ನು ನಂಬಲೇ?” ಎರಡನೆಯ ಪ್ರಶ್ನೆಯನ್ನು ಕೇಳಿದವರು ಆಕೆಯ ತಾಯಿ. ಬೋರ್ಡಿಂಗಿನಲ್ಲಿರುವ ಕಿರಿಯ ಮಗಳನ್ನು ನೋಡಲು ವಳಕಮದಿನ್ನಿಯಿಂದ ಬಂದಿದ್ದ ಅವರು, “ಅಕ್ಕಾರೇ, ಬ್ಯಾಸಿಗಿ ಬಂತಂದ್ರ ನಮ್ಮನಿ ಕೂಲರು ಮುಟ್ಟಿದ್ರ ಶಾಕ್ ಹೊಡೀತದ. ಮಳಿ ಬಿದ್ದ ಮ್ಯಾಲ ತಾನ ಸುಮ್ಮನಾಗ್ತದ. ಇದೇನು ಮಾಯಾ?” ಎಂದು ಕೇಳಿದರು.

ಮಗಳಿರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರು ಎತ್ತರದ, ಮಂಜು ಮಳೆಗಳ ಗಿರಿಪಟ್ಟಣದಲ್ಲಿ. ತಾಯಿ ಇರುವುದು ಬೇಸಗೆಯಲ್ಲಿ 40 ಡಿಗ್ರಿಗೂ ಮೀರಿ ಕಾಯುವ ರಾಯಚೂರು ಸೀಮೆಯಲ್ಲಿ. ಒಂದು ಮನೆಯಲ್ಲಿ ತೇವವು ಕಾರಣ, ಮತ್ತೊಂದರಲ್ಲಿ ಒಣಗಿದ ನೆಲವು ಕಾರಣ. ಆದರೂ ಇಬ್ಬರಿಗೂ ಹೇಳಬೇಕಾದ ಉತ್ತರವು ಒಂದೇ ಆಗಿತ್ತು: ಕೈ ಜುಮ್ಮೆನ್ನುವುದು ಸಹಜವಲ್ಲ, ಮಾಯೆಯೂ ಅಲ್ಲ, ಅದು ಎಚ್ಚರಿಕೆಯ ಗಂಟೆ. ಆ ಗಂಟೆಯನ್ನು ಅಲಕ್ಷ್ಯಮಾಡಿದವರ ಸಾಲಿನಲ್ಲಿ ನಾವೂ ಒಮ್ಮೆ ನಿಂತಿದ್ದೆವಾದ್ದರಿಂದ, ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡು ತರುವಾಯ ಪಾಠವನ್ನು ಹೇಳುವುದು ನ್ಯಾಯವಾಗಿದೆ.

ನಮ್ಮ ತಪ್ಪು

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಪರೀಕ್ಷೆಯ ದಿನಗಳಲ್ಲಿ, ಬೋರ್ಡಿಂಗಿನ ರೋಗಿಗಳ ಕೋಣೆಗೆ ತಗಡಿನ ಮೈಯ ಕೂಲರೊಂದನ್ನು ಇರಿಸಿದೆವು. ಅದಕ್ಕೆ ತಂತಿ ಎಳೆಯಲು ಇಬ್ಬರು ಕೆಲಸಗಾರರನ್ನು ವಿಚಾರಿಸಿದ್ದೆವು. ಒಬ್ಬನು ಅರ್ಥಿಂಗ್ ಗುಂಡಿಯನ್ನು ತೆಗೆದು ನೋಡಬೇಕು, ಹೊಸ ತಂತಿ ಬೇಕು ಎಂದು ಹೆಚ್ಚಿನ ಹಣವನ್ನು ಕೇಳಿದನು. ಮತ್ತೊಬ್ಬನು ಅದೇನೂ ಬೇಡವೆಂದು ಹೇಳಿ ಅರ್ಧ ಹಣಕ್ಕೆ ಒಪ್ಪಿದನು. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದ ಹಾಗೆ ಮಾಡಿ, ಎರಡನೆಯವನನ್ನೇ ಗೊತ್ತುಮಾಡಿ, ಶಾಲೆಯ ಹಣವನ್ನು ಉಳಿಸಿದೆವೆಂದು ಸಂತೋಷಪಟ್ಟೆವು. ಅವನು ಎರಡೇ ಎಳೆಯ ತಂತಿಯನ್ನು ಹಾಕಿ, ಮೂರನೆಯ ಕಡ್ಡಿಯಿಲ್ಲದ ಪ್ಲಗ್ಗನ್ನು ಕೂಡಿಸಿ ಹೋದನು. ಎರಡು ದಿನಗಳ ತರುವಾಯ ಆಯಾಳು, “ಕೂಲರು ಕೈಗೆ ಜುಂ ಅನ್ನುತ್ತದೆ” ಎಂದು ಹೇಳಿದಳು. ಪರೀಕ್ಷೆಯ ಗಡಿಬಿಡಿಯಲ್ಲಿ ನಾವು, “ಆಮೇಲೆ ನೋಡೋಣ” ಎಂದೆವು.

ಮೂರನೆಯ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಜ್ವರದಿಂದ ಮಲಗಿದ್ದ ಗೆಳತಿಗೆ ತಂಪಾಗಲೆಂದು ಬರಿಗಾಲಿನಲ್ಲಿ ನಿಂತು ಕೂಲರಿಗೆ ನೀರು ಹೊಯ್ದಳು. ಆಕೆಯ ಕೈ ತಗಡನ್ನು ಹಿಡಿದದ್ದು ಬಿಡಲಿಲ್ಲ. ಕೂಗಲು ಸಹ ಆಕೆಗೆ ಆಗಲಿಲ್ಲ. ಅದೇ ಆಯಾಳು, ಹುಡುಗಿಯನ್ನು ಎಳೆಯಲು ಹೋಗದೆ, ಓಡಿಹೋಗಿ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದಳು. ದೇವರ ಕೃಪೆಯಿಂದಲೂ ಆ ಹೆಂಗಸಿನ ಸಮಯಪ್ರಜ್ಞೆಯಿಂದಲೂ ಮಗು ಬದುಕಿತು. ಅಂಗೈಯ ಸುಟ್ಟಗಾಯವು ಮಾಯಲು ತಿಂಗಳು ಹಿಡಿಯಿತು. ಆಕೆಯ ತಂದೆ ಬಂದು ನಮ್ಮನ್ನು ಒಂದು ಕಠಿಣವಾದ ಮಾತನ್ನೂ ಆಡದೆ, ಮಗಳ ಕೈಯನ್ನು ಹಿಡಿದುಕೊಂಡು ಸುಮ್ಮನೆ ಕುಳಿತಿದ್ದರು. ಕೆಲಸಗಾರನ ಮೇಲೆ ತಪ್ಪು ಹೊರಿಸುವುದು ಸುಲಭವಾಗಿತ್ತು. ಆದರೆ ಅವನನ್ನು ಆರಿಸಿದವರು ನಾವು. ಆಯಾಳ ಮಾತನ್ನು ತಳ್ಳಿಹಾಕಿದವರೂ ನಾವೇ.

ಸತ್ಯವೇದದ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ಹೊಸ ಮನೆಯನ್ನು ಕಟ್ಟುವವನು ಮಾಳಿಗೆಗೆ ಕುಂಬಿಯನ್ನು ಕಟ್ಟಬೇಕೆಂಬ ವಿಧಿಯುಂಟು. ಕಟ್ಟದೆ ಯಾರಾದರೂ ಬಿದ್ದರೆ ಆ ಪ್ರಾಣದ ಹೊಣೆ ಮನೆಯವನದು. ಮಾಳಿಗೆಯ ಮನೆಗಳೇ ಹೆಚ್ಚಾಗಿರುವ, ಬೇಸಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗುವ ನಮ್ಮ ಸೀಮೆಯವರಿಗೆ ಈ ವಿಧಿಯನ್ನು ವಿವರಿಸಬೇಕಾದ್ದಿಲ್ಲ. ಕುಂಬಿಯಿಂದ ಮನೆಯ ಅಂದ ಹೆಚ್ಚುವುದಿಲ್ಲ, ಅದರಿಂದ ದಿನವೂ ಉಪಯೋಗ ಕಾಣುವುದಿಲ್ಲ. ಮಗು ನಿದ್ದೆಯಲ್ಲಿ ಹೊರಳಿದ ಒಂದು ರಾತ್ರಿ ಅದರ ಬೆಲೆ ತಿಳಿಯುತ್ತದೆ. ಇಂದಿನ ಮನೆಗೆ ಎರಡನೆಯ ಕುಂಬಿಯೊಂದು ಬೇಕಾಗಿದೆ. ಅದೇ ಅರ್ಥಿಂಗ್ ತಂತಿ.

ತಾಯಿಯಿಂದ ಬಾರದ ವಿದ್ಯೆ

ಒಲೆಯ ಬೆಂಕಿಯನ್ನು ಕಾಯುವುದು, ಸೀಮೆಎಣ್ಣೆಯ ದೀಪವನ್ನು ಮಗುವಿನಿಂದ ದೂರವಿಡುವುದು ಮೊದಲಾದ ಎಚ್ಚರಿಕೆಗಳನ್ನು ತಾಯಿ ಮಗಳಿಗೆ ಹೇಳದೆಯೇ ಕಲಿಸಿದಳು. ವಿದ್ಯುತ್ತಿನ ವಿಷಯದಲ್ಲಿ ಹಾಗಾಗಲಿಲ್ಲ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಮೊದಲನೆಯ ಘಟಕವು ನಡೆಯತೊಡಗಿದ್ದು 1985ರಲ್ಲಿ. ಹಳ್ಳಿಯ ಮನೆಗಳಿಗೆ ಮೊದಲು ಬಂದದ್ದು ಒಂದು ದೀಪ. ಆ ದೀಪಕ್ಕೆಂದು ಎಳೆದ ತೆಳು ತಂತಿಯ ಮೇಲೆಯೇ ತರುವಾಯ ಫ್ಯಾನು, ಟೀವಿ, ಮಿಕ್ಸರು, ಕೂಲರು, ಬೋರಿನ ಮೋಟರು ಒಂದೊಂದಾಗಿ ಬಂದು ಕುಳಿತವು. ಮನೆಯ ಸಾಮಾನು ಬೆಳೆಯಿತು. ತಂತಿ ಬೆಳೆಯಲಿಲ್ಲ, ತಿಳಿವಳಿಕೆಯೂ ಬೆಳೆಯಲಿಲ್ಲ. ಆದಕಾರಣ ಈ ವಿದ್ಯೆಯನ್ನು ನಾವು ದೊಡ್ಡವರಾದ ಮೇಲೆಯೇ ಕಲಿಯಬೇಕಾಗಿದೆ.

ಮೂರು ತಂತಿಗಳು

ಮನೆಯೊಳಗೆ ಮೂರು ತಂತಿಗಳಿರಬೇಕು. ಫೇಸ್ ತಂತಿಯು ವಿದ್ಯುತ್ತನ್ನು ತರುತ್ತದೆ. ನಮ್ಮ ಮನೆಗಳಲ್ಲಿ ಅದರ ಬಣ್ಣ ಸಾಮಾನ್ಯವಾಗಿ ಕೆಂಪು. ನ್ಯೂಟ್ರಲ್ ತಂತಿಯು ಅದನ್ನು ಹಿಂದಕ್ಕೆ ಒಯ್ಯುತ್ತದೆ. ಅದರ ಬಣ್ಣ ಕಪ್ಪು. ಮೂರನೆಯದಾದ ಅರ್ಥಿಂಗ್ ತಂತಿಯ ಬಣ್ಣ ಹಸುರು. ಇದು ಕೂಲರು, ಗೀಸರು, ಇಸ್ತ್ರಿಪೆಟ್ಟಿಗೆ ಮೊದಲಾದವುಗಳ ಲೋಹದ ಮೈಯನ್ನು ಅಂಗಳದ ನೆಲದಲ್ಲಿ ಹೂತಿರುವ ಕೊಳವೆಗೆ ಸೇರಿಸುತ್ತದೆ. ಎಲ್ಲವೂ ಸರಿಯಿರುವಾಗ ಈ ತಂತಿಗೆ ಕೆಲಸವೇ ಇಲ್ಲ. ಒಳಗಿನ ಫೇಸ್ ತಂತಿ ಸವೆದು ಮೈಗೆ ತಗಲಿದಾಗ ವಿದ್ಯುತ್ತು ಮನುಷ್ಯನ ದೇಹದ ಮೂಲಕ ಹೋಗದೆ ಈ ದಾರಿಯಿಂದ ನೆಲಕ್ಕೆ ಇಳಿಯುತ್ತದೆ. ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ಮೇಲಿನ ದಪ್ಪ ಕಡ್ಡಿಯು ಇದರದೇ. ಆ ಕಡ್ಡಿಯನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವುದು, ಮಾಳಿಗೆಯ ಕುಂಬಿಯನ್ನು ಕೆಡವಿ ಅದರ ಕಲ್ಲನ್ನು ಬೇರೆ ಕೆಲಸಕ್ಕೆ ಉಪಯೋಗಿಸಿದ ಹಾಗೆ.

ಈಗ ವಳಕಮದಿನ್ನಿಯ ತಾಯಿಯ ಪ್ರಶ್ನೆಗೆ ಬರೋಣ. ಅರ್ಥಿಂಗ್ ಕೊಳವೆಯನ್ನು ಸುಮಾರು ಎರಡೂವರೆ ಮೀಟರು ಆಳಕ್ಕೆ ಇಳಿಸಿ, ಸುತ್ತಲೂ ಇದ್ದಿಲನ್ನೂ ಉಪ್ಪನ್ನೂ ತುಂಬುವುದು ವಾಡಿಕೆ. ಎರೆಮಣ್ಣು ತೇವವಾಗಿರುವಾಗ ವಿದ್ಯುತ್ತಿಗೆ ಒಳ್ಳೆಯ ದಾರಿ ಕೊಡುತ್ತದೆ. ಬೇಸಗೆ ಬಂದೊಡನೆ ಅದೇ ಮಣ್ಣು ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಟ್ಟು, ಕೊಳವೆಯಿಂದ ದೂರ ಸರಿಯುತ್ತದೆ. ಆಗ ದಾರಿ ಮುಚ್ಚಿಹೋಗುತ್ತದೆ. ಅಂದರೆ ಕೂಲರಿನ ಅಗತ್ಯ ಹೆಚ್ಚಾಗುವ ತಿಂಗಳುಗಳಲ್ಲಿಯೇ ಅರ್ಥಿಂಗಿನ ಬಲ ಕಡಿಮೆಯಾಗುತ್ತದೆ. ಮಳೆ ಬಿದ್ದ ಮೇಲೆ ಶಾಕ್ ತಾನಾಗಿ ನಿಲ್ಲುವುದರ ಗುಟ್ಟು ಇದೇ. ಕೂಲರಿನ ದೋಷವು ಹೋಗಲಿಲ್ಲ, ನೆಲವು ಅದನ್ನು ಮರೆಮಾಡಿತು, ಅಷ್ಟೆ. ಆದ್ದರಿಂದ ಫೆಬ್ರುವರಿಯಿಂದ ಮಳೆ ಹಿಡಿಯುವವರೆಗೆ ಗುಂಡಿಗೆ ಎರಡು ಮೂರು ದಿನಗಳಿಗೊಮ್ಮೆ ಒಂದೆರಡು ಕೊಡ ನೀರನ್ನು ಹೊಯ್ಯಿರಿ. ಬಟ್ಟೆ ಅಲುಬಿದ ನೀರಾದರೂ ಸಾಕು. ಕೊಳವೆಗೆ ತಂತಿಯನ್ನು ಬಿಗಿದಿರುವ ಬೋಲ್ಟು ತುಕ್ಕು ಹಿಡಿದಿದೆಯೋ ಎಂಬುದನ್ನು ವರ್ಷಕ್ಕೊಮ್ಮೆ ನೋಡಿಸಿರಿ. ನಮ್ಮ ಬೋರ್ಡಿಂಗಿನ ಗುಂಡಿಯನ್ನು ಕಡೆಗೂ ತೆಗೆಸಿದಾಗ ಆ ಬೋಲ್ಟು ಬೆರಳಿನಿಂದ ಮುಟ್ಟಿದರೆ ಪುಡಿಯಾಗುವಂತಿತ್ತು.

ಆದರೆ ಅರ್ಥಿಂಗ್ ಒಂದೇ ಸಾಲದು. ಹತ್ತನೆಯ ತರಗತಿಯಲ್ಲಿ ಕಲಿತ ಓಮನ ನಿಯಮವನ್ನು ಜ್ಞಾಪಕಕ್ಕೆ ತಂದುಕೊಳ್ಳಿರಿ. ಮನೆಯ ವಿದ್ಯುತ್ತಿನ ಒತ್ತಡವು 230 ವೋಲ್ಟು. ಒಣ ನೆಲದ ತಡೆಯು 50 ಓಮು ಎಂದಿಟ್ಟುಕೊಂಡರೆ, 230ನ್ನು 50ರಿಂದ ಭಾಗಿಸಲಾಗಿ 4.6 ಆಂಪಿಯರು ವಿದ್ಯುತ್ತು ನೆಲಕ್ಕೆ ಹರಿಯುತ್ತದೆ. ಕೂಲರಿನ ಸಾಲಿಗೆ ಹಾಕಿರುವ 16 ಆಂಪಿಯರಿನ ಫ್ಯೂಸು ಇಷ್ಟಕ್ಕೆ ಕರಗುವುದೇ ಇಲ್ಲ; ತಗಡಿನಲ್ಲಿ ವಿದ್ಯುತ್ತು ನಿಂತೇ ಇರುತ್ತದೆ. ಮನುಷ್ಯನ ಕೈಯ ಸ್ನಾಯುಗಳು ಬಿಗಿದುಕೊಂಡು ಹಿಡಿತ ಬಿಡಲಾರದಂತಾಗಲು ಸುಮಾರು 10 ಮಿಲಿಆಂಪಿಯರು, ಅಂದರೆ ಒಂದು ಆಂಪಿಯರಿನ ನೂರನೆಯ ಒಂದು ಪಾಲು ಸಾಕು. ಫ್ಯೂಸು ಮತ್ತು ಎಂಸಿಬಿಗಳು ತಂತಿ ಸುಡದಂತೆ ಕಾಯುತ್ತವೆಯೇ ಹೊರತು ಮನುಷ್ಯನನ್ನು ಕಾಯಲಾರವು.

ಮನುಷ್ಯನನ್ನು ಕಾಯುವ ಸಾಧನಕ್ಕೆ ಆರ್‌ಸಿಸಿಬಿ ಎಂದು ಹೆಸರು. ಹೋದ ವಿದ್ಯುತ್ತೆಲ್ಲವೂ ಹಿಂದಿರುಗಿತೋ ಎಂದು ಇದು ಕ್ಷಣಕ್ಷಣವೂ ಲೆಕ್ಕ ನೋಡುತ್ತಿರುತ್ತದೆ. ಮನೆಗಳಿಗೆ ಹಾಕುವಂಥದು 30 ಮಿಲಿಆಂಪಿಯರಿನಷ್ಟು ಲೆಕ್ಕ ತಪ್ಪಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕವನ್ನು ಕಡಿದುಹಾಕುತ್ತದೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಸ್ವಿಚ್ಚು ಕೆಳಗೆ ಬೀಳುತ್ತದೆಯೋ ಎಂದು ನೋಡತಕ್ಕದ್ದು. ಬೀಳದಿದ್ದರೆ ಅದನ್ನು ಬದಲಾಯಿಸಬೇಕು. ಈ ಪರೀಕ್ಷೆಯಿಂದ ಸಾಧನದ ಸ್ಥಿತಿಯು ತಿಳಿಯುತ್ತದೆಯೇ ಹೊರತು ಅರ್ಥಿಂಗ್ ಗುಂಡಿಯ ಸ್ಥಿತಿಯಲ್ಲ. ಇದಲ್ಲದೆ, ಫೇಸನ್ನೂ ನ್ಯೂಟ್ರಲ್ಲನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಕಾಪಾಡಲಾರದು. ಆದ್ದರಿಂದ ಇದಿದೆಯೆಂದು ಧೈರ್ಯದಿಂದ ತಂತಿಯಲ್ಲಿ ಕೈ ಇಡಕೂಡದು.

ಮಡಿಕೇರಿಯ ಮನೆ

ಇನ್ನು ಮಗಳ ಪ್ರಶ್ನೆ. ಕೊಡಗಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿದು ಹೊಯ್ಯುತ್ತದೆ. ನೆಲವು ಒಣಗುವ ಭಯ ಆ ತಿಂಗಳುಗಳಲ್ಲಿ ಇಲ್ಲ. ಅಲ್ಲಿ ಗೋಡೆಯೇ ನೆನೆಯುತ್ತದೆ. ಗೋಡೆಯೊಳಗಿನ ಹಳೆಯ ತಂತಿಯ ಹೊದಿಕೆ ಬಿರುಕು ಬಿಟ್ಟಿದ್ದರೆ, ಸ್ವಿಚ್ಚಿನ ಪೆಟ್ಟಿಗೆಯೊಳಗೆ ತೇವ ಕುಳಿತಿದ್ದರೆ, ವಿದ್ಯುತ್ತು ಅಲ್ಲಿಂದ ಸ್ವಲ್ಪಸ್ವಲ್ಪವಾಗಿ ಸೋರುತ್ತದೆ. ಗೀಸರಿನೊಳಗಿನ ಕಾಯಿಸುವ ಸರಳು ಸೀಳಿದರೆ ನೀರಿಗೂ ನಲ್ಲಿಗೂ ವಿದ್ಯುತ್ತು ಬರುತ್ತದೆ. ಒದ್ದೆಯಾದ ಮೈಯ ತಡೆಯು ಬಹಳ ಕಡಿಮೆಯಾದ್ದರಿಂದ ಸ್ನಾನದ ಮನೆಯಲ್ಲಿ ಆಗುವ ಶಾಕ್ ಉಳಿದೆಡೆಗಿಂತ ಘೋರವಾದದ್ದು. ಆದಕಾರಣ ನಾವು ಆಕೆಗೆ ಬರೆದ ಉತ್ತರವು ಹೀಗಿತ್ತು: “ಈ ಕ್ಷಣವೇ ಗೀಸರನ್ನು ಆರಿಸು, ಒಲೆಯ ಮೇಲೆ ನೀರು ಕಾಯಿಸಿಕೋ. ಸಹಜವೆಂದು ಹೇಳಿದವನನ್ನು ಬಿಟ್ಟು, ಅಳೆದು ನೋಡುವವನನ್ನು ಕರೆಸು.”

ಮಳೆನಾಡಿನ ಮನೆಗಳಲ್ಲಿ ಮತ್ತೊಂದು ಅಪಾಯವುಂಟು. ಗೋಡೆ ನೆನೆದಾಗ ಆರ್‌ಸಿಸಿಬಿಯು ಪದೇಪದೇ ಬೀಳುತ್ತದೆ. ಮನೆಯವರು ಬೇಸರಗೊಂಡು, ಕೆಲಸಗಾರನಿಂದ ಅದನ್ನು ತಪ್ಪಿಸಿ ನೇರವಾಗಿ ತಂತಿ ಕೊಡಿಸಿಬಿಡುತ್ತಾರೆ. ರಾತ್ರಿ ನಾಯಿ ಬೊಗಳಿತೆಂದು ನಾಯಿಯನ್ನು ಓಡಿಸಿ ಕಳ್ಳನಿಗೆ ಬಾಗಿಲು ತೆರೆದಂತೆ ಇದು. ಯಾವ ಕೋಣೆಯ ಸಾಲಿನಿಂದ ಸೋರಿಕೆಯಾಗುತ್ತಿದೆ ಎಂಬುದನ್ನು ಒಂದೊಂದಾಗಿ ಬಿಡಿಸಿ ಕಂಡುಹಿಡಿಯಬೇಕು.

ಚಳಿಯ ಊರಿನಲ್ಲಿ ಭಾರದ ಲೆಕ್ಕವನ್ನೂ ತಿಳಿದಿರಬೇಕು. 2,000 ವಾಟಿನ ಹೀಟರು ಸುಮಾರು 8.7 ಆಂಪಿಯರು ವಿದ್ಯುತ್ತನ್ನು ಎಳೆಯುತ್ತದೆ. ಇದನ್ನು ದೀಪ ಫ್ಯಾನುಗಳಿಗೆ ಮೀಸಲಾದ 6 ಆಂಪಿಯರಿನ ಸಾಕೆಟ್ಟಿಗೆ ಎಕ್ಸ್‌ಟೆನ್ಶನ್ ಬೋರ್ಡಿನ ಮೂಲಕ ಕೂಡಿಸಿದರೆ ತಂತಿ ಕಾದು ಮರದ ಅಟ್ಟಕ್ಕೆ ಬೆಂಕಿ ಹತ್ತಬಹುದು. ಗೀಸರಿಗೂ ಹೀಟರಿಗೂ 16 ಆಂಪಿಯರಿನ ಸಾಕೆಟ್ಟು, ತಕ್ಕ ದಪ್ಪದ ತಾಮ್ರದ ತಂತಿ, ಪ್ರತ್ಯೇಕವಾದ ಎಂಸಿಬಿ ಇರಬೇಕು. ಗೀಸರಿನ ಸ್ವಿಚ್ಚು ಸ್ನಾನದ ಮನೆಯ ಹೊರಗಿರಬೇಕು.

ಕೆಲಸಗಾರನನ್ನು ಆರಿಸುವ ಬಗೆ

ದೀಪ, ಫ್ಯೂಸು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಾಯಿಸುವುದನ್ನು ಬಿಟ್ಟು, ಮನೆಯ ವಿದ್ಯುತ್ ಕೆಲಸವನ್ನು ರಾಜ್ಯದ ಪರವಾನಗಿಯುಳ್ಳ ಗುತ್ತಿಗೆದಾರನಿಂದಲೇ, ಅರ್ಹತಾಪತ್ರವುಳ್ಳವನ ಮೇಲ್ವಿಚಾರಣೆಯಲ್ಲಿಯೇ ಮಾಡಿಸಬೇಕೆಂಬುದು ಕಾಯಿದೆ. ಕರ್ನಾಟಕದಲ್ಲಿ ಈ ಪರವಾನಗಿಯನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಅದನ್ನು ತೋರಿಸೆಂದು ಕೇಳುವುದು ಅವಮಾನವಲ್ಲ. ಒಳ್ಳೆಯ ಕೆಲಸಗಾರನು ಸಂತೋಷದಿಂದ ತೋರಿಸುತ್ತಾನೆ. ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ವಿದ್ಯೆಯನ್ನು ಕಲಿತ ಹುಡುಗರು ಈಗ ಹಳ್ಳಿಗಳಲ್ಲಿಯೂ ಉಂಟು. ಪರವಾನಗಿಯುಳ್ಳವರ ಕೈಕೆಳಗೆ ಅಂಥವರಿಗೆ ಕೆಲಸ ಸಿಕ್ಕುವಂತೆ ಮಾಡಿರಿ.

ಪತ್ರವನ್ನು ನೋಡಿದರೆ ಸಾಲದು, ನಡತೆಯನ್ನೂ ನೋಡಬೇಕು. ಅವನು ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿ ತರುವಾಯ ಕೆಲಸಕ್ಕೆ ಕೈ ಹಾಕುತ್ತಾನೋ? ಮನೆಯಲ್ಲಿ ಇನ್ವರ್ಟರು ಉಂಟೋ ಎಂದು ವಿಚಾರಿಸುತ್ತಾನೋ? ಯಾಕಂದರೆ ಮೇನ್ ಆರಿಸಿದರೂ ಇನ್ವರ್ಟರಿನ ವಿದ್ಯುತ್ತು ತಂತಿಯಲ್ಲಿ ಉಳಿದಿರುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸಾಕೆಟ್ಟಿನ ಮೂರನೆಯ ತೂತನ್ನು ನ್ಯೂಟ್ರಲ್ಲಿಗೆ ಕೂಡಿಸಿ, “ಅರ್ಥಿಂಗ್ ಆಯಿತು” ಎನ್ನುವವರುಂಟು. ನ್ಯೂಟ್ರಲ್ ತಂತಿ ಎಲ್ಲಿಯಾದರೂ ಕಡಿದರೆ ಯಂತ್ರದ ಮೈಗೆಲ್ಲ 230 ವೋಲ್ಟು ಬರುತ್ತದೆ. ಇಂಥವನನ್ನು ಎರಡನೆಯ ಸಾರಿ ಮನೆಯೊಳಗೆ ಕರೆಯಬೇಡಿರಿ. ಫ್ಯೂಸಿಗೆ ದಪ್ಪ ತಂತಿಯನ್ನು ಸುತ್ತಿ, “ಇನ್ನು ಹೋಗುವುದಿಲ್ಲ ನೋಡಿರಿ” ಎಂದು ಹೆಮ್ಮೆಪಡುವವನನ್ನೂ ಹಾಗೆಯೇ.

ಕೆಲಸಕ್ಕೆ ಮೊದಲು ಸಾಮಾನಿನ ಪಟ್ಟಿಯನ್ನೂ ಕೂಲಿಯನ್ನೂ ಬೇರೆಬೇರೆಯಾಗಿ ಬರೆಯಿಸಿಕೊಳ್ಳಿರಿ. ತಂತಿಯ ಸುರುಳಿಯ ಮೇಲೆ ಐಎಸ್‌ಐ ಗುರುತು ಇದೆಯೋ ನೀವೇ ಓದಿರಿ. ಹಣ ಕೊಡುವುದಕ್ಕೆ ಮೊದಲು ಮೆಗ್ಗರಿನಿಂದ ತಂತಿಯ ಹೊದಿಕೆಯನ್ನೂ, ಅರ್ಥ್ ಟೆಸ್ಟರಿನಿಂದ ಗುಂಡಿಯನ್ನೂ ಅಳೆಯಿಸಿ, ಬಂದ ಅಂಕಿಗಳನ್ನು ದಿನಾಂಕ ಸಹಿತ ಮೇನ್ ಬೋರ್ಡಿನ ಬಾಗಿಲ ಒಳಗಡೆ ಬರೆಯಿಸಿರಿ. ಮುಂದಿನ ವರ್ಷ ಹೋಲಿಸಿ ನೋಡಲು ಅನುಕೂಲವಾಗುತ್ತದೆ.

ಕಂಬದಿಂದ ಮೀಟರಿನವರೆಗಿನ ತಂತಿಯನ್ನು ಮನೆಯ ಕೆಲಸಗಾರನು ಮುಟ್ಟಕೂಡದು. ಅದು ನಮ್ಮ ಕಡೆ ಜೆಸ್ಕಾಂನವರ, ಮಡಿಕೇರಿಯಲ್ಲಿ ಚಾಮುಂಡೇಶ್ವರಿ ನಿಗಮದವರ ಕೆಲಸ. ದೂರು ಹೇಳಲು 1912 ಎಂಬ ಸಂಖ್ಯೆಯುಂಟು. ಒಂದು ರಾತ್ರಿಯ ಮದುವೆಯ ದೀಪಕ್ಕೆಂದು ಕಂಬಕ್ಕೆ ಕೊಂಡಿ ಹಾಕೆಂದು ಬಡ ಹುಡುಗನನ್ನು ಹತ್ತಿಸುವುದು ಕಳವೂ ಹೌದು, ಅವನ ತಾಯಿಗೆ ಮಾಡುವ ದ್ರೋಹವೂ ಹೌದು.

ನ್ಯಾಯವಾದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿರಿ. ಕೆಲಸಗಾರನನ್ನು “ಅಣ್ಣಾ” ಎಂದು ಕರೆದು, ಕುಡಿಯಲು ನೀರು ಕೊಟ್ಟು, ಅವಸರಪಡಿಸದಿರಿ. ನಾವು ಬಿಟ್ಟುಬಿಟ್ಟ ಮೊದಲನೆಯ ಕೆಲಸಗಾರನನ್ನೇ ಅಪಘಾತದ ತರುವಾಯ ಕರೆಸಿದೆವು. ಅವನು ನಮ್ಮನ್ನು ಹಂಗಿಸಲಿಲ್ಲ. ಎರಡು ದಿನ ಬಿಸಿಲಿನಲ್ಲಿ ಗುಂಡಿ ತೋಡಿಸಿ, ಮೂರು ಎಳೆಯ ತಂತಿಯನ್ನು ಎಳೆದು, ಕಡೆಗೆ ಆ ಆಯಾಳನ್ನೇ ಕರೆದು ಆರ್‌ಸಿಸಿಬಿಯ ಗುಂಡಿಯನ್ನು ಒತ್ತಲು ಕಲಿಸಿ ಹೋದನು. ಈಗ ಪ್ರತಿ ತಿಂಗಳ ಮೊದಲನೆಯ ಶನಿವಾರ ಅದನ್ನು ಒತ್ತುವವಳು ಆಕೆಯೇ; ಸುತ್ತಲೂ ಬೋರ್ಡಿಂಗಿನ ಹುಡುಗಿಯರು ನಿಂತು ನೋಡುತ್ತಾರೆ.

ಮನೆಯವರು ನಡೆಸತಕ್ಕ ನಿಯಮಗಳು

ಕೂಲರಿಗೆ ನೀರು ಹೊಯ್ಯುವಾಗ, ಒರೆಸುವಾಗ, ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನೂ ಕಿತ್ತಿಡಿರಿ. ಬಕೆಟ್ಟಿನಲ್ಲಿ ಹೀಟರ್ ಸರಳನ್ನು ಇಟ್ಟಿರುವಾಗ ನೀರು ಕಾದಿತೋ ಎಂದು ಬೆರಳು ಅದ್ದಬೇಡಿರಿ. ಬಟ್ಟೆ ಒಣಗಿಸಲು ಕಬ್ಬಿಣದ ತಂತಿಯನ್ನು ಕಟ್ಟದೆ ನೂಲಿನ ಅಥವಾ ನಾರಿನ ಹಗ್ಗವನ್ನು ಕಟ್ಟಿರಿ. ಸರ್ವಿಸ್ ತಂತಿ ಬರುವ ಕಬ್ಬಿಣದ ಪೈಪಿಗಂತೂ ಏನನ್ನೂ ಕಟ್ಟಕೂಡದು. ಮಾಳಿಗೆಯ ಮೇಲೆ ಹಾಸಿಗೆ ಹಾಸುವವರು ಆ ತಂತಿಯು ಮಕ್ಕಳ ಕೈಗೆ ನಿಲುಕದಂತಿದೆಯೋ ನೋಡಿರಿ. ಸ್ವಿಚ್ಚು ಬೆಚ್ಚಗಾದರೆ, ಸುಟ್ಟ ವಾಸನೆ ಬಂದರೆ, ದೀಪವು ಮಿಣುಕಾಡಿದರೆ, ಕೈ ಜುಮ್ಮೆಂದರೆ ಅದೇ ದಿನ ವಿಚಾರಿಸಿರಿ. ಹೇಳಿದವರು ಮಗುವಾಗಲಿ ಮನೆಗೆಲಸದವಳಾಗಲಿ, ಅವರ ಮಾತಿಗೆ ಕಿವಿಗೊಡಿರಿ.

ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿರಿ; ಮೊದಲು ಮೇನ್ ಆರಿಸಿರಿ. ಅದು ಸಾಧ್ಯವಾಗದಿದ್ದರೆ ಒಣ ನೆಲದ ಮೇಲೆ ನಿಂತು ಒಣಗಿದ ಕಟ್ಟಿಗೆಯಿಂದ ತಂತಿಯನ್ನು ಸರಿಸಿರಿ. 108ಕ್ಕೆ ಕರೆ ಮಾಡಿಸಿರಿ. ಪ್ರಜ್ಞೆಯೂ ಉಸಿರೂ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು, ನಿಮಿಷಕ್ಕೆ 100ರಿಂದ 120 ಸಾರಿ ಬಲವಾಗಿ ಒತ್ತುತ್ತಾ ಸಹಾಯ ಬರುವವರೆಗೆ ನಿಲ್ಲಿಸದಿರಿ. ಎದ್ದು ಕುಳಿತವರನ್ನೂ ವೈದ್ಯರಿಗೆ ತೋರಿಸಿರಿ.

ಮಡಿಕೇರಿಯಿಂದ ಮರುಪತ್ರ ಬಂದಿದೆ. ಗೀಸರಿನ ಸರಳು ಸೀಳಿತ್ತು. ಅರ್ಥಿಂಗ್ ತಂತಿಯು ಗೋಡೆಯವರೆಗೆ ಬಂದು ಅಲ್ಲಿಯೇ ಕಡಿದುಹೋಗಿತ್ತು. ಎರಡನ್ನೂ ಸರಿಮಾಡಿಸಿದ್ದಾಳೆ. ವಳಕಮದಿನ್ನಿಯ ತಾಯಿಯು ಕೂಲರಿಗೆ ಮೂರು ಎಳೆಯ ತಂತಿ ಹಾಕಿಸಿ, ಗುಂಡಿಗೆ ನೀರು ಹೊಯ್ಯುವ ಕೆಲಸವನ್ನು ರಜೆಗೆ ಮನೆಗೆ ಬಂದ ಕಿರಿಯ ಮಗಳಿಗೆ ಒಪ್ಪಿಸಿದ್ದಾರಂತೆ. ಇದನ್ನು ಓದುವ ನಮ್ಮ ಹೆಣ್ಣುಮಕ್ಕಳೇ, ಈ ಸಂಚಿಕೆಯನ್ನು ಮುಚ್ಚಿಡುವುದಕ್ಕೆ ಮೊದಲು ಎದ್ದುಹೋಗಿ ನಿಮ್ಮ ಮನೆಯ ಮೇನ್ ಬೋರ್ಡನ್ನೊಮ್ಮೆ ನೋಡಿರಿ. ಮೇನ್ ಸ್ವಿಚ್ಚು ಯಾವುದೆಂದು ಮನೆಯ ಚಿಕ್ಕ ಮಗುವಿಗೂ ತೋರಿಸಿರಿ. ನಿಮ್ಮೆಲ್ಲರ ಮನೆಗಳನ್ನು ದೇವರು ಕ್ಷೇಮವಾಗಿ ಕಾಯಲೆಂದು ಪ್ರಾರ್ಥಿಸುತ್ತೇವೆ.